ಹೋಮ್ ನೋಡಲು ಹೋದಾಗ ಬಚ್ಚಲುಮನೆ ನೋಡಿ

ನಮ್ಮ ಕೈಲಾಗದ ಕಾಲಕ್ಕೆ ಮಗನನ್ನೋ ಮಗಳನ್ನೋ ಎಲ್ಲಿ ಬಿಡೋದು? ಈ ತಿಂಗಳ ಟಪಾಲಿನಲ್ಲಿ ಬಂದದ್ದು ಹೆಚ್ಚಾಗಿ ಇದೇ ಪ್ರಶ್ನೆ. ನಾನು ದೊಡ್ಡವರಾದ ಬೌದ್ಧಿಕ ವಿಕಲಚೇತನರ ವಸತಿಗೃಹದಲ್ಲಿ, ಅಂದರೆ ಎಲ್ಲರೂ ಹೋಮ್ ಅನ್ನುವ ಕಡೆ, ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾದವಳು ಎಂಬುದು ಅಂಕಣದ ಹಳೆಯ ಓದುಗರಿಗೆ ಗೊತ್ತು. ಹಾಗಾಗಿ ಒಂದಿಡೀ ಸಂಚಿಕೆಯ ಜಾಗವನ್ನು ಇದಕ್ಕೇ ಕೊಟ್ಟಿದ್ದೇನೆ. ಬರೆದವರೆಲ್ಲ ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನನಗೆ 67 ವರ್ಷ, ಗಂಡ ಇಲ್ಲ. ಮಗನಿಗೆ 38, ಡೌನ್ ಸಿಂಡ್ರೋಮ್. ಮಾತು ತೊದಲು, ಆದರೆ ಊಟ, ಸ್ನಾನ ತಾನೇ ಮಾಡಿಕೊಳ್ಳುತ್ತಾನೆ. ಮಗಳ ಜೊತೆ ಹೋಗಿ ಎರಡು ಹೋಮ್ ನೋಡಿ ಬಂದೆ. ಬೆಂಗಳೂರಿನ ಹೊರಗಿರುವುದು ಗ್ರಾನೈಟ್ ನೆಲ, ಎಲ್ಲೆಲ್ಲೂ ಕ್ಯಾಮೆರಾ, ಆರು ಲಕ್ಷ ಡೆಪಾಸಿಟ್. ಇನ್ನೊಂದು ನಮ್ಮೂರ ಹತ್ತಿರ, ಹಳೇ ಹಂಚಿನ ಮನೆ, ಹನ್ನೆರಡು ಜನ ಇದ್ದಾರೆ. ಮಗಳಿಗೆ ಮೊದಲನೆಯದು ಇಷ್ಟ. ಒಳ್ಳೆಯದು ಯಾವುದು ಅಂತ ಹೇಗೆ ತಿಳಿಯೋದು?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಕ್ಕಾ, ಎರಡೂ ಕಡೆ ನಿಮ್ಮನ್ನು ಆಫೀಸು ರೂಮಿನಲ್ಲಿ ಕೂರಿಸಿ, ಕಾಫಿ ಕೊಟ್ಟು, ವಾರ್ಷಿಕೋತ್ಸವದ ಆಲ್ಬಂ ತೋರಿಸಿ, ಒಂದು ಸುತ್ತು ಹಾಕಿಸಿ ಕಳಿಸಿರುತ್ತಾರೆ. ಇನ್ನೊಮ್ಮೆ ಹೋಗಿ. ಭಾನುವಾರ ಹನ್ನೊಂದು ಗಂಟೆಗೆ ಬೇಡ, ಆ ಹೊತ್ತಿಗೆ ಎಲ್ಲ ಹೋಮೂ ಚೆನ್ನಾಗಿಯೇ ಕಾಣುತ್ತದೆ. ವಾರದ ನಡುವೆ ಬೆಳಿಗ್ಗೆ ಏಳಕ್ಕೆ ಹೋಗಿ, ಇಲ್ಲವೇ ಸಂಜೆ ಆರರ ಮೇಲೆ.

ಹೋದವರು ಮೊದಲು ಬಚ್ಚಲುಮನೆ ಕೇಳಿ. ಬಾಗಿಲಿದೆಯೇ? ಒಳಗೆ ಚಿಲಕವಿದೆಯೇ? ಫಿಟ್ಸ್ ಬರುವವರು ಇರುತ್ತಾರಾದ್ದರಿಂದ ಆ ಚಿಲಕವನ್ನು ಹೊರಗಿನಿಂದಲೂ ತೆಗೆಯುವ ಹಾಗಿರಬೇಕು. ಚಿಲಕವೇ ಇಲ್ಲದ, ಬಾಗಿಲನ್ನೇ ಕಿತ್ತುಹಾಕಿದ ಬಚ್ಚಲು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಆಮೇಲೆ ಹಲ್ಲುಜ್ಜುವ ಬ್ರಷ್ ಎಲ್ಲಿಡುತ್ತಾರೆ ನೋಡಿ. ಹನ್ನೆರಡು ಬ್ರಷ್ ಒಂದೇ ಮಗ್ಗಿನಲ್ಲಿದ್ದು ಯಾವುದು ಯಾರದು ಅಂತ ಗುರುತಿಲ್ಲದಿದ್ದರೆ, ಬೆಳಿಗ್ಗೆ ಕೈಗೆ ಸಿಕ್ಕಿದ್ದರಲ್ಲಿ ಸಿಕ್ಕಿದವರ ಹಲ್ಲುಜ್ಜುತ್ತಾರೆ ಅಂತ ಲೆಕ್ಕ. ಬ್ರಷ್ಷೆಲ್ಲ ಹೊಸದಾಗಿ, ಕೂದಲು ನೆಟ್ಟಗೆ ನಿಂತಿದ್ದರೆ ಉಜ್ಜುವುದೇ ಇಲ್ಲ ಅಂತಲೂ ಇರಬಹುದು. ಬಟ್ಟೆಯದೂ ಹಾಗೇ. ಒಗೆದದ್ದನ್ನು ರಾಶಿ ಹಾಕಿ, ಯಾರ ಅಳತೆಗೆ ಯಾವುದು ಬರುತ್ತೋ ಅದನ್ನು ತೊಡಿಸುವ ಮನೆಗಳಿವೆ, ಚಡ್ಡಿ ಬನಿಯನ್ನೂ ಸೇರಿ. ನಿಮ್ಮ ಮಗನಿಗೆ ಅವನದೇ ಬೀರು, ಕೊನೆಗೆ ಅವನದೇ ಒಂದು ಟ್ರಂಕು, ಅದರ ಬೀಗದ ಕೈ ಅವನ ಹತ್ತಿರ ಇರುತ್ತದೆಯೇ ಎಂದು ಕೇಳಿ. ‘ಕಳೆದುಹಾಕ್ತಾರೆ ಮೇಡಂ’ ಅಂತಾರೆ. ಕಳೆದರೆ ಇನ್ನೊಂದು ಮಾಡಿಸಲಿ, ಐವತ್ತು ರೂಪಾಯಿ.

ಊಟದ ಹೊತ್ತಿಗೆ ಅಲ್ಲೇ ಇದ್ದು, ಅವರ ಜೊತೆ ಕೂತು ಉಣ್ಣಿ. ರುಚಿ ನೋಡುವುದಕ್ಕಲ್ಲ, ಬಡಿಸುವ ಕೈ ನೋಡುವುದಕ್ಕೆ. ಕೆಲಸದವರು ಕಮ್ಮಿ ಇರುವ ಕಡೆ ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲ ಒಂದೇ ಸಲ ಕಲಸಿ ಚಮಚದಲ್ಲಿ ಬಾಯಿಗೆ ಹಾಕಿ ಮುಗಿಸುತ್ತಾರೆ. ತಾವೇ ಉಣ್ಣಬಲ್ಲವರಿಗೂ ಅದೇ. ನಿಮ್ಮ ಮಗ ತಾನೇ ಉಣ್ಣುತ್ತಾನೆ, ಆದರೆ ನಿಧಾನವಾಗಿ ಉಣ್ಣುತ್ತಾನೆ, ಅಲ್ಲವೇ? ನೀವು ವರ್ಷಗಟ್ಟಲೆ ಕೂತು ಕಲಿಸಿದ ವಿದ್ಯೆ ಅದು. ಅವನಿಗೆ ಮುಕ್ಕಾಲು ಗಂಟೆ ಬಿಡುವ ಮನೆಯಾದರೆ ಅದು ಉಳಿಯುತ್ತದೆ. ಎಂಟು ನಿಮಿಷದಲ್ಲಿ ತಟ್ಟೆ ಎತ್ತುವ ಮನೆಯಾದರೆ ಆರು ತಿಂಗಳಲ್ಲಿ ಮರೆತೇ ಹೋಗುತ್ತದೆ, ಮತ್ತೆ ಬರುವುದಿಲ್ಲ. ಹೋಮ್‌ಗೆ ಸೇರಿದ ಮೇಲೆ ‘ಇವನಿಗೆ ಏನೂ ಬರಲ್ಲ’ ಅನ್ನಿಸಿಕೊಂಡವರಲ್ಲಿ ಎಷ್ಟೋ ಜನ ಮನೆಯಲ್ಲಿದ್ದಾಗ ಚಪಾತಿ ಲಟ್ಟಿಸುತ್ತಿದ್ದವರು.

ರಾತ್ರಿಯ ಊಟ ಎಷ್ಟಕ್ಕೆ? ಐದೂವರೆಗೆ ಅಂದರೆ, ಆರಕ್ಕೆ ಹಗಲು ಪಾಳಿಯವರು ಹೊರಡುತ್ತಾರೆ ಅಂತ ಅರ್ಥ. ಆಗ ಮುಂದಿನ ಪ್ರಶ್ನೆ ಕೇಳಿ: ರಾತ್ರಿ ಎಷ್ಟು ಜನ ಇರುತ್ತಾರೆ, ಅವರು ಮಲಗುತ್ತಾರೋ ಎಚ್ಚರವಾಗಿರುತ್ತಾರೋ, ಗೇಟಿನ ಕೀ ಯಾರ ಹತ್ತಿರ, ಹೊರಗೆ ಹೋಗಲು ಎರಡನೇ ದಾರಿ ಯಾವುದು. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿದ್ದು 28 ಮಂದಿ ತೀರಿಕೊಂಡರು. ಗರಿಯ ಚಪ್ಪರದಡಿ ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು, ಓಡಲಾಗಲಿಲ್ಲ. ಇವತ್ತು ಸರಪಳಿ ಕಾಣದಿರಬಹುದು. ಹೊರಗಿನಿಂದ ಬೀಗ ಜಡಿದ ಮಲಗುವ ಕೋಣೆ ನಾನೇ ಕಂಡಿದ್ದೇನೆ, ಬೀಗ ಹಾಕಿದವರು ಕೆಟ್ಟವರೂ ಅಲ್ಲ, ನಿದ್ದೆಗೆಟ್ಟವರು.

ಕ್ಯಾಮೆರಾ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಓಣಿಯಲ್ಲಿ, ಗೇಟಿನಲ್ಲಿ ಇರಲಿ. ಆದರೆ ಅದರಲ್ಲಿ ಕಂಡದ್ದನ್ನು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ ಅಂತ ಕೇಳಿ ನೋಡಿ, ಉತ್ತರ ತಡವರಿಸುತ್ತದೆ. ಅದಕ್ಕಿಂತ ಅಲ್ಲಿಯ ಅತಿ ಹಳೆಯ ಆಯಾ ಎಷ್ಟು ವರ್ಷದಿಂದ ಇದ್ದಾರೆ ಎನ್ನುವುದು ಹೆಚ್ಚು ಹೇಳುತ್ತದೆ. ಗೋಡೆಯನ್ನೂ ನೋಡಿ. 38ರ ಗಂಡಸು ಮಲಗುವ ಕೋಣೆಯಲ್ಲಿ ಅ-ಅರಸ, ಆ-ಆನೆ ಚಾರ್ಟು ಅಂಟಿಸಿದ್ದರೆ ಅವನನ್ನು ಅಲ್ಲಿ ಏನೆಂದುಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಇಷ್ಟು ಹೇಳಿದ್ದಕ್ಕೆ ಹಂಚಿನ ಮನೆಯೇ ಮೇಲು ಅಂದುಕೊಳ್ಳಬೇಡಿ. ಸಣ್ಣ ಮನೆ ಒಬ್ಬಿಬ್ಬರ ಹೆಗಲ ಮೇಲೆ ನಿಂತಿರುತ್ತದೆ. ನಡೆಸುವ ಗಂಡಹೆಂಡತಿ ಆಸ್ಪತ್ರೆ ಸೇರಿದರೆ ಹನ್ನೆರಡು ಜನರ ಗತಿ ಏನು ಅಂತ ಅವರ ಬಾಯಲ್ಲೇ ಕೇಳಿ. ಡೆಪಾಸಿಟ್ ವಿಷಯಕ್ಕೆ ಬಂದರೆ, ಮಗನಿಗೆ ಒಗ್ಗದೆ ಮೂರು ತಿಂಗಳಿಗೆ ವಾಪಸ್ ಕರೆತಂದರೆ ಎಷ್ಟು ಹಿಂತಿರುಗಿಸುತ್ತಾರೆ ಎಂಬುದು ಕಾಗದದಲ್ಲಿ ಇರಬೇಕು. ‘ಒಂದೇ ಸಲ ಕಟ್ಟಿಬಿಡಿ, ಜೀವಮಾನವಿಡೀ ನಾವು ನೋಡ್ಕೋತೀವಿ’ ಎನ್ನುವವರಿಗೆ ಕಟ್ಟಬೇಡಿ. ಪೂರ್ತಿ ದುಡ್ಡು ಮೊದಲೇ ಕೈಸೇರಿದ ಮೇಲೆ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಕಡೆಗೆ ಒಂದು. ನೀವು ನೋಡಿದಿರಿ, ಮಗಳು ನೋಡಿದಳು. ಮಗ ನೋಡಿದನೇ? ಪತ್ರದಲ್ಲಿ ಅದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇಂಥ ಕಡೆಯೇ ಇರಬೇಕೆಂಬ ಬಲವಂತ ಅವನ ಮೇಲೆ ಬರದ ಹಾಗೆ ನೋಡಿಕೊಳ್ಳಲು ಸರ್ಕಾರ ಪ್ರಯತ್ನಿಸಬೇಕು. ಕಾನೂನು ಹಾಗಿರಲಿ, ಅವನನ್ನು ಕರೆದುಕೊಂಡು ಹೋಗಿ, ಒಂದು ಮಧ್ಯಾಹ್ನ ಬಿಡಿ, ಆಮೇಲೆ ಒಂದು ರಾತ್ರಿ, ಆಮೇಲೆ ಒಂದು ವಾರ. ಮಾತು ತೊದಲಾದರೇನು, ಎರಡನೇ ಸಲ ಹೊರಡುವಾಗ ಚಪ್ಪಲಿ ತಾನೇ ಹಾಕಿಕೊಳ್ಳುತ್ತಾನೋ ಅಡಗಿಸಿಡುತ್ತಾನೋ ನೋಡಿ. ನಿಮಗೆ ನಡೆದಾಡುವ ಶಕ್ತಿ ಇರುವಾಗಲೇ ಇದನ್ನು ಶುರು ಮಾಡಿದ್ದು ಒಳ್ಳೆಯದಾಯಿತು.

ಪ್ರಶ್ನೆ: ಅಣ್ಣನನ್ನು ಹೋಮ್‌ಗೆ ಸೇರಿಸಿ ಒಂದು ವರ್ಷ. ತುಂಬಾ ದಪ್ಪ ಆಗಿದ್ದಾನೆ, ಹೋದಾಗೆಲ್ಲ ತೂಕಡಿಸುತ್ತಿರುತ್ತಾನೆ. ಕೇಳಿದರೆ ‘ಹೊಡೀತಿದ್ದ, ಈಗ ಸೆಟ್ಲ್ ಆಗಿದ್ದಾನೆ’ ಅಂತಾರೆ. ಮನೆಯಲ್ಲಿ ಯಾವತ್ತೂ ಯಾರಿಗೂ ಹೊಡೆದವನಲ್ಲ.
– ತಂಗಿ, ದಾವಣಗೆರೆ

ಉತ್ತರ: ಮಾತ್ರೆ ಚೀಟಿ ಕೇಳಿ ತಂಗಿ. ಫೋಟೋ ತೆಗೆದುಕೊಳ್ಳಿ. ಯಾವ ಡಾಕ್ಟರು, ಯಾವ ತಾರೀಕು, ಯಾಕೆ ಅಂತ ಬರೆದಿರಬೇಕು. ರಿಸ್ಪೆರಿಡೋನ್, ಒಲಾಂಜಪಿನ್ ಥರದ ಹೆಸರಿದ್ದರೆ ತೂಕ ಏರುವುದು, ಮಂಪರು ಎರಡಕ್ಕೂ ಅದೇ ಕಾರಣ ಇರಬಹುದು. ನೀವಾಗಿಯೇ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ನಿಮ್ಹಾನ್ಸ್‌ಗೋ ಕರೆದೊಯ್ದು ತೋರಿಸಿ. ಹೋದಾಗ ಥೈರಾಯ್ಡ್, ಸಕ್ಕರೆ, ಕಿವಿ, ಹಲ್ಲು ಎಲ್ಲ ನೋಡಿಸಿ. ಹಲ್ಲುನೋವನ್ನು ಬಾಯಿಬಿಟ್ಟು ಹೇಳಲಾಗದವರು ಕೆನ್ನೆಗೆ ಹೊಡೆದುಕೊಳ್ಳುತ್ತಾರೆ. ಮಲಬದ್ಧತೆಯಿಂದ ರಂಪ ಮಾಡುವವರಿದ್ದಾರೆ. ಅದನ್ನೆಲ್ಲ ‘ಬಿಹೇವಿಯರ್’ ಅಂತ ಬರೆದು ಮಾತ್ರೆ ಏರಿಸುವುದು ಸುಲಭ.

ಒಂದು ಕಡೆ ಕಂಡದ್ದು ಹೇಳುತ್ತೇನೆ. ನಲವತ್ತು ದಾಟಿದ ಒಬ್ಬರು ತೀರಿಹೋದ ಅಪ್ಪನ ಕೈಗಡಿಯಾರ ಕಟ್ಟಿಕೊಂಡಿರುತ್ತಿದ್ದರು. ಅದು ಯಾವತ್ತೋ ನಿಂತಿತ್ತು. ದಿನಾ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅದಕ್ಕೆ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ತಲೆ ಆಡಿಸಿ ಲೋಟ ತೆಗೆದುಕೊಳ್ಳುವರು. ಹೊಸದಾಗಿ ಬಂದ ಹುಡುಗನೊಬ್ಬ ‘ಬೆಲೆಬಾಳುವ ವಸ್ತು, ಕಳೆದುಹೋದೀತು’ ಅಂತ ಗಡಿಯಾರ ಬಿಚ್ಚಿ ಆಫೀಸಿನ ಲಾಕರಿನಲ್ಲಿಟ್ಟ. ಮಾರನೇ ದಿನದಿಂದ ಅವರು ಕಾಫಿ ಚೆಲ್ಲತೊಡಗಿದರು, ಬಿಡಿಸಲು ಬಂದವರನ್ನು ಪರಚಿದರು. ಫೈಲಿನಲ್ಲಿ ‘ಅಗ್ರೆಸಿವ್’ ಅಂತ ಬಂತು, ರಾತ್ರಿಯ ಮಾತ್ರೆ ಒಂದಿದ್ದದ್ದು ಎರಡಾಯಿತು. ಗಡಿಯಾರ ಲಾಕರಿನಲ್ಲಿದೆ ಅಂತ ಅಡುಗೆಯವಳು ನೆನಪಿಸಿದ ಮೇಲೆ ಸರಿಹೋಯಿತು. ನಿಮ್ಮಣ್ಣ ‘ಹೊಡೀತಿದ್ದ’ ಎನ್ನುವ ದಿನಗಳ ಹಿಂದುಮುಂದು ಅಲ್ಲಿ ಏನು ಬದಲಾಯಿತು, ಹಾಸಿಗೆಯೇ, ಪಕ್ಕದವರೇ, ಆಯಾನೇ, ಎಂದು ಕೆದಕಿ ಕೇಳಿ. ಅಡುಗೆಮನೆಯವರನ್ನು ಕೇಳುವುದು ಮರೆಯಬೇಡಿ.

ಪ್ರಶ್ನೆ: ಮಗಳಿಗೆ 24. ಮುಟ್ಟಾದಾಗ ಪ್ಯಾಡ್ ಕಿತ್ತು ಹಾಕುತ್ತಾಳೆ. ಗರ್ಭಕೋಶ ತೆಗೆಸಿಕೊಂಡು ಬಂದರೆ ಸೇರಿಸಿಕೊಳ್ಳುತ್ತೇವೆ ಎಂದು ಒಂದು ಹೋಮ್‌ನವರು ಹೇಳಿದ್ದಾರೆ. ನಮ್ಮ ಡಾಕ್ಟರೂ ಮಾಡಬಹುದು ಅಂದರು. ಏನು ಮಾಡಲಿ?
– ಹಾಸನ

ಉತ್ತರ: ಬೇಡ. ಆ ಹೋಮೂ ಬೇಡ.

ಗರ್ಭಕೋಶ ತೆಗೆಯುವುದು ಮೈಮೇಲಿನ ದೊಡ್ಡ ಶಸ್ತ್ರಚಿಕಿತ್ಸೆ, ಆಯಾಗಳ ಕೆಲಸ ಹಗುರ ಮಾಡಲು ಅದನ್ನು ಮಾಡಿಸುವುದಲ್ಲ. 1994ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಿರೂರಿನ ಸರ್ಕಾರಿ ನಿಲಯದ ಬುದ್ಧಿಮಾಂದ್ಯ ಯುವತಿಯರಿಗೆ ಹೀಗೇ ಗರ್ಭಕೋಶ ತೆಗೆದಿದ್ದರು, ಕಾರಣ ಕೊಟ್ಟದ್ದೂ ಇದೇ, ಮುಟ್ಟಿನ ಶುಚಿ. ದೇಶವಿಡೀ ಗಲಾಟೆಯಾಯಿತು. ಈಗಿನ ಕಾಯ್ದೆಯ 10ನೇ ಸೆಕ್ಷನ್ ಸ್ಪಷ್ಟವಾಗಿದೆ: ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಆ ವ್ಯಕ್ತಿಯ ತಿಳಿದ, ಸ್ವಂತ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಅಪ್ಪ ಅಮ್ಮನ ಸಹಿ ಅದಕ್ಕೆ ಬದಲಿಯಲ್ಲ.

ಇನ್ನೂ ಕಹಿಯಾದ ಮಾತೊಂದಿದೆ, ಹೇಳಲೇಬೇಕು. ಗರ್ಭ ನಿಲ್ಲದ ಹೆಣ್ಣಿನ ಮೇಲೆ ಯಾರಾದರೂ ಕೈಮಾಡಿದರೆ ಅದು ಹೊರಗೆ ಬರುವುದೇ ಇಲ್ಲ. ಇಂಥ ಷರತ್ತು ಹಾಕುವ ಮನೆಯಲ್ಲಿ ರಾತ್ರಿ ಪಾಳಿಗೆ ಯಾರಿರುತ್ತಾರೆ ಎಂದು ನನಗಂತೂ ಕೇಳಬೇಕೆನಿಸುತ್ತದೆ.

ಪ್ಯಾಡ್ ಕೀಳುವುದಕ್ಕೆ ದಾರಿ ಇದೆ. ಅಂಟಿನ ಪ್ಯಾಡು ಕೆಲವರಿಗೆ ತುರಿಸುತ್ತದೆ, ಸದ್ದೂ ಮಾಡುತ್ತದೆ. ಮೆತ್ತನೆ ಹತ್ತಿಬಟ್ಟೆಯದು ಅಥವಾ ಒಳಗೇ ಹೊಲಿದ ಪಿರಿಯಡ್ ಚಡ್ಡಿ ಹಾಕಿ ನೋಡಿ. ಮುಟ್ಟಿಲ್ಲದ ದಿನಗಳಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಹಾಕಿಸಿ ರೂಢಿ ಮಾಡಿಸಿ. ಕಿತ್ತರೆ ಬೈಯಬೇಡಿ, ಎಲ್ಲಿ ಹಾಕಬೇಕು ಅಂತ ಒಂದೇ ಡಬ್ಬ ತೋರಿಸಿ. ಹೊಟ್ಟೆನೋವಿದ್ದರೆ ಅದಕ್ಕೆ ಔಷಧಿ ಕೊಡಿಸಿ, ಎಷ್ಟೋ ಸಲ ಕಿತ್ತಾಟ ನೋವಿನದು. ತಿಂಗಳಾನುಗಟ್ಟಲೆ ಹಿಡಿಯುತ್ತದೆ, ಆದರೆ ಕಲಿಯುತ್ತಾರೆ. ನಮ್ಮಲ್ಲಿ ಕಲಿತವರು ಹೊಸಬರಿಗೆ ಕಲಿಸಿದ್ದೂ ಉಂಟು.

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ, ತಮ್ಮ ಮೈಸೂರಿನ ಒಂದು ಹೋಮ್‌ನಲ್ಲಿದ್ದಾನೆ. ಇಲ್ಲಿ ಹೋಮ್‌ಗಳಿಗೆ ಸರ್ಕಾರದ ಸಂಸ್ಥೆ ದರ್ಜೆ ಕೊಟ್ಟು ಪ್ರಕಟಿಸುತ್ತದೆ. ನಮ್ಮಲ್ಲಿ ನೋಡುವವರು ಯಾರು? ಅಪ್ಪ ಅಮ್ಮನ ನಂತರ ಅವನ ಪರವಾಗಿ ಸಹಿ ಹಾಕುವವರು ಯಾರು?

ಉತ್ತರ: ನಮ್ಮಲ್ಲಿ ದರ್ಜೆ ಪಟ್ಟಿ ಇಲ್ಲ. ನೋಂದಣಿ ಇದೆ. 2016ರ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರವಿಲ್ಲದೆ ವಿಕಲಚೇತನರ ಸಂಸ್ಥೆ ನಡೆಸುವಂತಿಲ್ಲ. ಆ ಪತ್ರದ ನಕಲು ತರಿಸಿಕೊಂಡು ಅವಧಿ ಮುಗಿದಿದೆಯೇ, ಎಷ್ಟು ಜನಕ್ಕೆ ಅನುಮತಿ ಎಂದು ನೋಡಿ. ಅನುಮಾನ ಬಂದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯನ್ನು ಕೇಳಬಹುದು, ಅಲ್ಲಿ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ.

ಆದರೆ ನೀವಿರುವ ದೇಶದಲ್ಲಿ ತಪಾಸಣೆ ಇದ್ದೂ ಏನಾಗಿತ್ತು ಅಂತಲೂ ನೆನಪಿರಲಿ. ಬ್ರಿಸ್ಟಲ್ ಹತ್ತಿರ ವಿಂಟರ್‌ಬೋರ್ನ್ ವ್ಯೂ ಅಂತ ಬೌದ್ಧಿಕ ವಿಕಲಚೇತನರ 24 ಹಾಸಿಗೆಯ ಖಾಸಗಿ ಆಸ್ಪತ್ರೆ ಇತ್ತು, ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಖರ್ಚು, ಅದೂ ಸರ್ಕಾರದ ದುಡ್ಡು. ಅಲ್ಲಿಯ ನರ್ಸ್ ಒಬ್ಬರು ತಪಾಸಣೆಯ ಸಂಸ್ಥೆಗೇ ದೂರು ಕೊಟ್ಟರೂ ಏನೂ ಆಗಲಿಲ್ಲ. 2011ರ ಮೇ ತಿಂಗಳಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಗುಟ್ಟಾಗಿ ಚಿತ್ರೀಕರಿಸಿದ್ದನ್ನು ತೋರಿಸಿದಾಗ ಕಂಡದ್ದು, ಕುರ್ಚಿಯಡಿ ಅದುಮಿ ಹಿಡಿಯುವುದು, ಬಟ್ಟೆಸಮೇತ ತಣ್ಣೀರಿನಡಿ ನಿಲ್ಲಿಸುವುದು. ಹನ್ನೊಂದು ಜನಕ್ಕೆ ಶಿಕ್ಷೆಯಾಯಿತು, ಆರು ಜನ ಜೈಲಿಗೆ ಹೋದರು. ದುಡ್ಡೂ ಇತ್ತು, ತಪಾಸಣೆಯೂ ಇತ್ತು. ಒಳಗಿದ್ದವರ ಮನೆಯವರಿಗೆ ಮಲಗುವ ಕೋಣೆಯ ತನಕ ಹೋಗಲು ಬಿಡುತ್ತಿರಲಿಲ್ಲ. ನಿಮ್ಮ ತಮ್ಮನ ಕೋಣೆಗೆ ಹೋಗಲು ಯಾರಿಗಾದರೂ ಬಿಡುತ್ತಾರೆಯೇ? ವಿಡಿಯೊ ಕಾಲ್‌ನಲ್ಲಿ ಅವನ ಹಿಂದೆ ಯಾವಾಗಲೂ ಆಫೀಸಿನ ದೇವರ ಫೋಟೋ ಕಾಣುತ್ತಿದ್ದರೆ, ಈ ಸಲ ಅವನ ಹಾಸಿಗೆ ಮೇಲೆ ಕೂತು ಮಾತಾಡಿಸಿ ಅಂತ ಕೇಳಿ. ಮೈಸೂರಿನಲ್ಲಿರುವ ನಂಟರೋ ಗೆಳೆಯರೋ ತಿಂಗಳಿಗೊಮ್ಮೆ ಹೇಳದೇ ಹೋಗಿ ಬರಲಿ.

ಸಹಿಯ ವಿಷಯ: ಹದಿನೆಂಟು ತುಂಬಿದ ಮೇಲೆ ಅಪ್ಪ ಅಮ್ಮನೂ ತಾನಾಗಿಯೇ ಕಾನೂನಿನ ಪೋಷಕರಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಗೆ ಸ್ಥಳೀಯ ಮಟ್ಟದ ಸಮಿತಿ ಇದೆ, ಡಿಸಿ ಅದರ ಅಧ್ಯಕ್ಷರು. ಅಲ್ಲಿ ಅರ್ಜಿ ಹಾಕಿ ಪೋಷಕರನ್ನು ನೇಮಿಸಿಕೊಳ್ಳಬೇಕು. ಅಪ್ಪ ಅಮ್ಮ ಇರುವಾಗಲೇ ಮಾಡಿ. ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ, ಆಮೇಲೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ದುಡ್ಡು ತಿಂದರೆ, ನಿರ್ಲಕ್ಷ್ಯ ಮಾಡಿದರೆ ತೆಗೆಸಬಹುದು. ಹೋಮ್ ನಡೆಸುವವರನ್ನೇ ಪೋಷಕರನ್ನಾಗಿ ಮಾಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಲ್ ಕೊಡುವವರೂ ಅವರೇ, ಬಿಲ್ ಪಾಸು ಮಾಡುವವರೂ ಅವರೇ ಆಗುತ್ತಾರೆ.

ಪ್ರಶ್ನೆ: ನಾನು ಹೋಮ್‌ನಲ್ಲಿ ಕೆಲಸ ಮಾಡುವವಳು. ರಾತ್ರಿ 22 ಜನಕ್ಕೆ ಇಬ್ಬರು. ಜೊತೆಯಾಕೆ ಹಾಸಿಗೆ ಒದ್ದೆ ಮಾಡಿಕೊಂಡವರಿಗೆ ಹೊಡೆಯುತ್ತಾಳೆ, ಆಮೇಲೆ ಸಂಜೆಯಿಂದ ನೀರು ಕೊಡಬಾರದು ಅಂತ ನಿಯಮ ಮಾಡಿದ್ದಾಳೆ. ಹೇಳಿದರೆ ಕೆಲಸ ಹೋಗುತ್ತೆ. ಆಕೆಯೂ ಕಷ್ಟದಲ್ಲಿರುವವಳು.

ಉತ್ತರ: ಮಗಳೇ, ನಿನ್ನ ಕಾಗದ ಎರಡು ಸಲ ಓದಿದೆ. ‘ಆಕೆಯೂ ಕಷ್ಟದಲ್ಲಿರುವವಳು’ ಅಂತ ಬರೆದಿದ್ದೀಯಲ್ಲ, ಅದು ನಿಜವೇ ಇರಬಹುದು. ಹನ್ನೆರಡು ಗಂಟೆ ಪಾಳಿ, ರಾತ್ರಿಗೆ ಐದಾರು ಒದ್ದೆ ಹಾಸಿಗೆ, ಬೆಳಗಾದರೆ ಸ್ವಂತ ಮನೆಯ ಅಡುಗೆ. ಇಬ್ಬರನ್ನಿಟ್ಟು 22 ಜನರನ್ನು ಒಪ್ಪಿಸಿದ ಆಡಳಿತ ಮಂಡಳಿ ತನ್ನ ಪಾಡಿಗೆ ನಿದ್ದೆ ಮಾಡುತ್ತಿರುತ್ತದೆ. ಆದರೂ ನೀರು ನಿಲ್ಲಿಸುವುದು ಸಣ್ಣ ಮಾತಲ್ಲ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ, ಬೇಸಗೆಯಲ್ಲಿ, ಜೀವಕ್ಕೇ ಬರುತ್ತದೆ. ಕಾನೂನಿನಲ್ಲೂ ಇದು ಬರೆದೇ ಇದೆ: ತಮ್ಮ ವಶದಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಅನ್ನ, ನೀರು ಕೊಡದಿದ್ದರೆ 2016ರ ಕಾಯ್ದೆಯ 92ನೇ ಸೆಕ್ಷನ್ನಿನಡಿ ಆರು ತಿಂಗಳಿಂದ ಐದು ವರ್ಷದ ತನಕ ಜೈಲು.

ಇವತ್ತು ರಾತ್ರಿಯೇ ಮಾಡಬಹುದಾದ್ದು ಮೊದಲು ಮಾಡು. ನೀರು ನೀನು ಕೊಡು. ಮಲಗುವ ಮುಂಚೆ ಒಮ್ಮೆ, ಹನ್ನೊಂದಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಎಬ್ಬಿಸಿ ಸಂಡಾಸಿಗೆ ಕರೆದುಕೊಂಡು ಹೋದರೆ ಒದ್ದೆ ಹಾಸಿಗೆ ಅರ್ಧಕ್ಕರ್ಧ ಇಳಿಯುತ್ತದೆ, ನಮ್ಮಲ್ಲಿ ಇಳಿದಿತ್ತು. ಹೊಸದಾಗಿ ಒದ್ದೆ ಮಾಡಿಕೊಳ್ಳತೊಡಗಿದವರಿದ್ದರೆ ಡಾಕ್ಟರಿಗೆ ತೋರಿಸಬೇಕು, ಸಕ್ಕರೆ ಕಾಯಿಲೆ ಇರಬಹುದು, ಮೂತ್ರದ ಸೋಂಕು ಇರಬಹುದು.

ಹೊಡೆದದ್ದನ್ನು ಬರೆದಿಡು: ತಾರೀಕು, ಹೊತ್ತು, ಯಾರಿಗೆ, ಮೈಯಲ್ಲಿ ಎಲ್ಲಿ ಗುರುತು. ಹೋಮ್‌ನ ರಿಜಿಸ್ಟರಿನಲ್ಲಲ್ಲ, ನಿನ್ನದೇ ನೋಟ್‌ಬುಕ್ಕಿನಲ್ಲಿ, ಅದನ್ನು ಮನೆಯಲ್ಲಿಡು. ಮೊದಲು ಮೇಲಿನವರಿಗೆ ಹೇಳಿ ನೋಡು, ಬರವಣಿಗೆಯಲ್ಲಿ. ಅವರು ಮುಚ್ಚಿಹಾಕಿದರೆ ಅದೇ ಕಾಯ್ದೆಯ 7ನೇ ಸೆಕ್ಷನ್ನಿನಡಿ ಯಾರು ಬೇಕಾದರೂ ಆ ಜಾಗದ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ನಮ್ಮ ಕಡೆ ತಹಶೀಲ್ದಾರರಿಗೆ ಆ ಅಧಿಕಾರ ಇರುತ್ತದೆ. ಒಬ್ಬಳೇ ಹೋಗಲು ಧೈರ್ಯ ಸಾಲದಿದ್ದರೆ ನಿವಾಸಿಗಳಲ್ಲಿ ಯಾರಾದರೊಬ್ಬರ ತಂದೆತಾಯಿಗೆ ಹೇಳು. ತಾಲ್ಲೂಕು ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕೆಲಸ ನೋಡುವ ಎಂಆರ್‌ಡಬ್ಲ್ಯೂ ಮೂಲಕವೂ ತಲುಪಿಸಬಹುದು. ಕೆಲಸ ಹೋಗುವುದಿಲ್ಲ ಅಂತ ನಾನು ಭರವಸೆ ಕೊಡಲಾರೆ. ಕೈ ಎತ್ತದ ಆಯಾಗಳನ್ನು ಹುಡುಕಿ ಹುಡುಕಿ ಸೋತ ಹೋಮ್‌ಗಳು ಈ ರಾಜ್ಯದಲ್ಲಿ ಬೇಕಾದಷ್ಟಿವೆ ಎನ್ನುವುದು ಮಾತ್ರ ನನಗೆ ಗೊತ್ತು. ಪತ್ರಿಕೆಯ ವಿಳಾಸಕ್ಕೆ ಇನ್ನೊಮ್ಮೆ ಬರೆ.

ಪ್ರಶ್ನೆ: ನಾವು ನೋಡಲು ಹೋದರೆ ಮಗ ಅಳುತ್ತಾನೆ. ಆರು ತಿಂಗಳು ಬರಬೇಡಿ, ಒಗ್ಗಿಕೊಳ್ಳಲಿ ಎನ್ನುತ್ತಾರೆ.
– ತಂದೆ, ಶಿರಸಿ

ಉತ್ತರ: ಹೋಗಿ. ಹೊಸದರಲ್ಲಿ ಒಂದೆರಡು ವಾರ ಬಿಡಿ ಅಂದರೆ ಒಪ್ಪಬಹುದು, ಆರು ತಿಂಗಳು ಅಂದರೆ ಒಪ್ಪಬೇಡಿ. ಅಳುವುದು ನೀವು ಬಂದದ್ದಕ್ಕಲ್ಲ, ಹೊರಟದ್ದಕ್ಕೆ. ಮುಂದಿನ ಸಲ ಯಾವತ್ತು ಬರುತ್ತೀರಿ ಅಂತ ಕ್ಯಾಲೆಂಡರಿನಲ್ಲಿ ಅವನ ಕೈಯಲ್ಲೇ ಗುರುತು ಹಾಕಿಸಿ, ಆ ದಿನ ತಪ್ಪಿಸಬೇಡಿ. ಮಾರಿಕಾಂಬಾ ಜಾತ್ರೆಯ ವರ್ಷ ಮನೆಗೆ ಕರೆದುಕೊಂಡು ಬನ್ನಿ, ಹೊರಡುವಾಗ ಮಾತ್ರೆ ಚೀಟಿ ಮತ್ತು ಎರಡು ದಿನದ್ದು ಹೆಚ್ಚುವರಿ ಮಾತ್ರೆ ಕೇಳಿ ಇಸಿದುಕೊಳ್ಳಿ.